ಮೊಲಗಳ ಲೈಟರ್

ಆ ಸಂಜೆ ತಂಗಿ ಅಡುಗೆಮನೆಯ ನೆಲದಲ್ಲಿ ಕೂತು ಬಿಳಿ ಮೊಲಕ್ಕೆ ಬುಟ್ಟಿಯೊಳಗೆ ಹೋಗುವುದನ್ನು ಕಲಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಕ್ಕ, ಸ್ವಲ್ಪ ಆಚೆ ಸರಿ. ನೀನು ನಿಂತರೆ ಇದಕ್ಕೆ ನಾಚಿಕೆ ಆಗ್ತದೆ."

"ಮೊಲಕ್ಕಾದರೂ ನಾಚಿಕೆ ಉಂಟಲ್ಲ. ಅಲ್ಲಿ ಸಾರು ಉಕ್ಕುತ್ತಾ ಉಂಟು, ನೀನು ಇಲ್ಲಿ ಶಾಲೆ ನಡೆಸು."

"ನೀನೂ ಹೀಗೆ ಚಂದದಲ್ಲಿ ಬುಟ್ಟಿಯೊಳಗೆ ಹೋಗು. ನಿನಗೂ ಕೊತ್ತಂಬರಿ ಕೊಡ್ತೇನೆ."

ಮೊಲ ಮುಂಗಾಲು ಬುಟ್ಟಿಯಲ್ಲಿಟ್ಟಿತು. ಅವಳ ಕೈಯಲ್ಲಿದ್ದ ಗ್ಯಾಸ್ ಲೈಟರ್ ಟಕ್ ಎಂದಿತು. ಕೂಡಲೇ ಒಂದು ಎಸಳು ಕೊತ್ತಂಬರಿ ಸೊಪ್ಪು ಅದರ ಬಾಯಿಗೆ. ಆಮೇಲೆ ನಾವು ಊಟ ಮಾಡಿದೆವು, ಅವಳು ಪಾತ್ರೆ ತೊಳೆದಳು, ನಾನು ಒಂದು ರವಿಕೆಗೆ ಹುಕ್ಕು ಹಾಕಿ ಮುಗಿಸಿದೆ. ಮರುದಿನ ಬೆಳಿಗ್ಗೆ ಶಿರ್ತಾಡಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಮೆಡಿಕಲ್ ಶಾಪಿಗೆ ಹೋಗುವಾಗ ತಿರುವಿನಲ್ಲಿ ಸ್ಕೂಟರ್ ಜಾರಿತು. ಆಸ್ಪತ್ರೆಗೆ ಮುಟ್ಟುವಾಗ ಜೀವ ಇರಲಿಲ್ಲ.

ಮೂಡುಬಿದಿರೆಯ ಈ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ನಾನು ಎದುರಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಮೊಲಗಳನ್ನು ತಂದವಳು ಅವಳು, ಒಂದು ಬಿಳಿ, ಒಂದು ಕಂದು. ಹಿಡಿದು ಎತ್ತಿದರೆ ಎರಡೂ ಒದ್ದಾಡುತ್ತಿದ್ದವು, ಅವಳ ಕೈಯೆಲ್ಲ ಗೀರು. ಹಾಗಾಗಿ ಎತ್ತುವುದೇ ಬೇಡ, ಅವು ತಾವಾಗಿ ಬರಲಿ ಎಂದು ಫೋನಿನಲ್ಲಿ ವಿಡಿಯೊ ನೋಡಿ ಈ ಪಾಠ ಕಲಿತಳು. ಅದರಲ್ಲಿ ಕಲಿಸುವವರ ಕೈಯಲ್ಲಿ ಕ್ಲಿಕ್ಕರ್ ಎಂಬ, ಒತ್ತಿದರೆ ಟಕ್ ಎನ್ನುವ ಸಣ್ಣ ಪ್ಲಾಸ್ಟಿಕ್ ವಸ್ತು ಇತ್ತು. ಅದಕ್ಕೆ ಯಾಕೆ ದುಡ್ಡು ಎಂದು ಅವಳು ಅಡುಗೆಮನೆಯ ಹೊಸ ಗ್ಯಾಸ್ ಲೈಟರನ್ನೇ ತೆಗೆದುಕೊಂಡಳು. ಶಬ್ದ ಜೋರಾಗಿ ಮೊಲಗಳು ಬೆದರಬಾರದೆಂದು ಅದಕ್ಕೆ ಒಂದು ತುಂಡು ಬಟ್ಟೆ ಸುತ್ತಿದಳು. ಅಂದಿನಿಂದ ಒಲೆ ಹಚ್ಚಲು ನನಗೆ ಬೆಂಕಿಪೆಟ್ಟಿಗೆ.

"ಟಕ್ ಅಂದರೆ ತಿಂಡಿ ಸಿಗ್ತದೆ ಅಂತ ಅವಕ್ಕೆ ಗೊತ್ತಿರಬೇಕು. ತಪ್ಪಿ ಒತ್ತಿದರೂ ಕೊಡಲೇಬೇಕು. ಒಲೆಗೂ ಅದನ್ನೇ ಒತ್ತಿದರೆ ಅವು ಯಾವುದನ್ನು ನಂಬುವುದು?" ಎನ್ನುತ್ತಿದ್ದಳು.

ಮನೆಯಲ್ಲಿ ನಮ್ಮದು ತುಳು. ಮೊಲಗಳ ಹತ್ತಿರ ಮಾತ್ರ ಅವಳು ಟೀಚರಮ್ಮನ ಹಾಗೆ ಕನ್ನಡ ಮಾತಾಡುತ್ತಿದ್ದಳು. ‘ಬನ್ನಿ, ಸಾಲಾಗಿ ಬನ್ನಿ, ದೂಡಾಡಬೇಡಿ.’ ಮೆಷಿನ್ ತುಳಿಯುತ್ತಾ ನಾನು ನಗುತ್ತಿದ್ದೆ.

ಅವಳು ಹೋದ ಮೇಲೆ ಕಕ್ಕಿಂಜೆಯಿಂದ ದೊಡ್ಡಮ್ಮ ಬಂದರು, ನೆರೆಕರೆಯ ಹೆಂಗಸರು ಬಂದರು. ಅಡುಗೆಮನೆ ಅವರ ಕೈಗೆ ಹೋಯಿತು. ಬಂದವರಿಗೆಲ್ಲ ಚಾ ಆಗಬೇಕಲ್ಲ. ಶೆಲ್ಫಿನಲ್ಲಿದ್ದ ಲೈಟರ್ ಅವರಿಗೆ ಸಿಕ್ಕಿತು.

"ಇದಕ್ಕೆ ಯಾರು ಮಾರಾಯ್ತಿ ಅಂಗಿ ಹಾಕಿದ್ದು?" ಎಂದು ಯಾರೋ ಬಟ್ಟೆ ಬಿಚ್ಚಿ ಬಿಸಾಡಿದರು.

ಟಕ್. ಮಂಚದ ಕೆಳಗಿಂದ ಎರಡು ಮೊಲಗಳೂ ಓಡಿಬಂದು ಅಡುಗೆಮನೆಯ ಬಾಗಿಲಲ್ಲಿ ಮೂಗು ಅಲ್ಲಾಡಿಸುತ್ತಾ ನಿಂತವು. ಯಾರೂ ಏನೂ ಕೊಡಲಿಲ್ಲ. ಕಾಲಿಗೆ ಸಿಗುತ್ತವೆ ಎಂದು ಹೆಂಗಸರು ಅಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೆ ಚಾ, ಮತ್ತೆ ಟಕ್. ಮತ್ತೆ ಬಂದವು.

ನಾನು ಎದ್ದುಹೋಗಿ ದೊಡ್ಡಮ್ಮನಿಗೆ ಹೇಳಿದೆ, "ಅದು ಮೊಲಗಳ ಲೈಟರ್. ಒಲೆಗೆ ಬೆಂಕಿಪೆಟ್ಟಿಗೆ ಉಂಟು."

ಅವರು ನನ್ನನ್ನೇ ನೋಡಿದರು. ಆಮೇಲೆ ನನ್ನ ತಲೆ ಸವರಿದರು. "ಆಯಿತು ಮಗ, ಆಯಿತು. ನೀನು ಹೋಗಿ ಸ್ವಲ್ಪ ಮಲಗು."

ಹಿಂದಿನಿಂದ ಒಬ್ಬರು ಮೆಲ್ಲಗೆ, "ಪಾಪ, ತಲೆ ನಿಲ್ಲುವುದಿಲ್ಲ ಅವಳಿಗೆ" ಎಂದದ್ದು ಕೇಳಿಸಿತು. ನಾನು ಕೋಣೆಗೆ ಬರುವುದರೊಳಗೆ ಮತ್ತೆ ಟಕ್ ಎಂದಿತು. ಸಾವಿನ ಮನೆಯಲ್ಲಿ ಲೈಟರಿಗೆ ಜಗಳ ಮಾಡುವುದು ಹೇಗೆ? ಮಲಗಿದಲ್ಲಿಂದಲೇ ಪ್ರತಿ ಶಬ್ದಕ್ಕೂ ಕಿವಿ ಕೊಡುತ್ತಿದ್ದೆ. ಮೊದಲು ಕಂದು ಮೊಲ ಹೋಗುವುದನ್ನು ಬಿಟ್ಟಿತು. ಬಿಳಿಯದು ಇನ್ನೂ ಕೆಲವು ಸಲ ಹೋಗಿ ನೋಡಿತು. ಬೊಜ್ಜದ ದಿನ, ಕೊನೆಯ ಕ್ರಿಯೆ ಮುಗಿದು ಎಲ್ಲರೂ ಊಟಕ್ಕೆ ಕೂತಾಗ, ಒಳಗೆ ಯಾರೋ ಲೈಟರ್ ಒತ್ತಿದರು. ಬಿಳಿಯದು ಕಿವಿ ಕೂಡ ಎತ್ತಲಿಲ್ಲ.

ಅವಳ ಬಟ್ಟೆಗಳು, ಬ್ಯಾಗು, ಚಪ್ಪಲಿ ಎಲ್ಲ ಇದ್ದವು. ಅವು ಬರೀ ವಸ್ತುಗಳು. ಅವಳು ಮಾಡಿಟ್ಟದ್ದರಲ್ಲಿ ಮನೆಯೊಳಗೆ ಜೀವಂತವಾಗಿ ನಡೆಯುತ್ತಿದ್ದದ್ದು ಇದೊಂದೇ, ಆ ಶಬ್ದಕ್ಕೆ ಆ ಓಟ. ಅದೂ ನಿಂತಿತು.

ಹೊರಡುವ ದಿನ ದೊಡ್ಡಮ್ಮ ಹೇಳಿದರು, "ಮಾಣಿಯಲ್ಲಿ ನನ್ನ ತಮ್ಮನ ಮೊಮ್ಮಕ್ಕಳು ಇದ್ದಾರೆ. ಮೊಲಗಳನ್ನು ಅವರಿಗೆ ಕೊಡುವ. ನಿನಗೆ ಯಾಕೆ ಈ ಕಿರಿಕಿರಿ?"

"ಇರಲಿ ದೊಡ್ಡಮ್ಮ."

"ಹತ್ತಿರವೇ ಬಾರದ ಮೊಲ ಇಟ್ಟುಕೊಂಡು ಏನು ಮಾಡ್ತೀ?"

ಅವರನ್ನು ಬಸ್ಸಿಗೆ ಬಿಟ್ಟು ಬಂದು, ಮೊದಲು ಒಲೆಯ ಹತ್ತಿರ ಬೆಂಕಿಪೆಟ್ಟಿಗೆ ಇಟ್ಟೆ. ಲೈಟರಿಗೆ ಒಂದು ತುಂಡು ಲೈನಿಂಗ್ ಬಟ್ಟೆ ಸುತ್ತಿ ಹೊಲಿದೆ. ಆಮೇಲೆ ನೆಲದಲ್ಲಿ ಕೂತು ಒತ್ತಿದೆ. ಯಾವುದೂ ಬರಲಿಲ್ಲ. ಆದರೂ ಸೊಪ್ಪನ್ನು ಮಂಚದ ಕೆಳಗೆ ನೂಕಿದೆ. ಒತ್ತಿದೆ, ನೂಕಿದೆ. ಒತ್ತಿದ ಮೇಲೆ ಕೊಡಬೇಕೆಂಬ ಅವಳ ಒಂದು ನಿಯಮ ಬಿಟ್ಟರೆ ಈ ವಿದ್ಯೆಯಲ್ಲಿ ನನಗೆ ಬೇರೇನೂ ಗೊತ್ತಿಲ್ಲ. ಗಿರಾಕಿಗಳು ಬಂದಾಗ ಎದ್ದು ಅಳತೆ ತೆಗೆದುಕೊಳ್ಳುತ್ತಿದ್ದೆ. ಹೋದ ಮೇಲೆ ಮತ್ತೆ ಕೂರುತ್ತಿದ್ದೆ. ಕನ್ನಡದಲ್ಲಿ ಕರೆಯಲು ನೋಡಿದೆ. ನನ್ನ ಬಾಯಲ್ಲಿ ಅದು ಬ್ಯಾಂಕಿನಲ್ಲಿ ಮಾತಾಡಿದ ಹಾಗಾಯಿತು. ಬಿಟ್ಟೆ. ಈಗ ಬರೀ ಲೈಟರ್ ಒತ್ತುತ್ತೇನೆ, ಸೊಪ್ಪು ಕೊಡುತ್ತೇನೆ.

ಕಂದು ಮೊಲ ಬೇಗ ಕ್ಷಮಿಸಿತು, ಅದು ಹೊಟ್ಟೆಬಾಕ. ಬಿಳಿಯದು ಮಾತ್ರ ಬಹಳ ಸಮಯ ಮಂಚದ ಕೆಳಗಿಂದಲೇ ನನ್ನನ್ನು ನೋಡುತ್ತಿತ್ತು. ನಾನು ಒತ್ತುವುದನ್ನು ಕೇಳಿಸಿಕೊಂಡು, ಸೊಪ್ಪು ಬಂದ ಮೇಲೆ ತಿಂದು, ಮತ್ತೆ ಗೋಡೆಯ ಕಡೆ ತಿರುಗುತ್ತಿತ್ತು.

ಮೊನ್ನೆ ಲೈಟರ್ ಒತ್ತಿದಾಗ ಅದು ಹೊರಗೆ ಬಂತು. ಓಡಿ ಅಲ್ಲ, ನಿಂತು ನಿಂತು ಬಂತು. ನನ್ನ ಬೆರಳಿನಿಂದಲೇ ಎಸಳು ಎಳೆದುಕೊಂಡು ಅಲ್ಲೇ ಕೂತು ತಿಂದಿತು. ನಾನು ಅಲ್ಲಾಡಲಿಲ್ಲ.

ಬಿಳಿಯದು ಬಂತು ಎಂದು ಹೇಳುವುದಕ್ಕೆ ಈ ಮನೆಯಲ್ಲಿ ಇನ್ನೊಬ್ಬರು ಇಲ್ಲ.