ಉಬ್ಬರ ಬಂದ ಕುರಿಮರಿಗೊಂದು ಪ್ರಾರ್ಥನೆ

ಹುರಿದ ಶೇಂಗಾದ ವಾಸನೆ ಮೂಗಿಗೆ ಬಡಿದರೆ ನಿಮಗೆ ಹಸಿವಾಗಬಹುದು. ನನಗೆ ಪ್ರಾರ್ಥನೆ ನೆನಪಾಗುತ್ತದೆ. ನಗಬೇಡಿ, ಕಾರಣ ಹೇಳುತ್ತೇನೆ.

ಮೊನ್ನೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಬಿಸಿ ಪೊಟ್ಟಣ ಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಹೊರಟಿದ್ದು ನಮ್ಮ ಹಳೆಯ ಅಯ್ಯನವರನ್ನು ನೋಡಲು. ಅಯ್ಯನವರೆಂದರೆ ನಮ್ಮೂರಿನ ಪುಟ್ಟ ಕ್ರೈಸ್ತ ಸಭೆಯ ಪಾದ್ರಿಗಳು, ಈಗ ನಿವೃತ್ತರು. ಗಂಟಲಿನ ಆಪರೇಷನ್ ಆದಮೇಲೆ ದನಿಯೇ ಹೋಗಿದೆ ಎಂದು ಸುದ್ದಿ ಬಂದಿತ್ತು. ಗಂಟಲು ಕೊಯ್ಸಿಕೊಂಡವರಿಗೆ ಶೇಂಗಾ ಒಯ್ಯುವ ಬುದ್ಧಿವಂತ ನಾನೊಬ್ಬನೇ ಇರಬೇಕು ಎಂದು ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ.

ನಿಜವಾದ ಹೆದರಿಕೆ ಬೇರೆಯದಿತ್ತು. ಕಾಯಿಲೆಯವರನ್ನು ನೋಡಲು ಹೋದವರು ಪ್ರಾರ್ಥನೆ ಮಾಡದೆ ಎದ್ದು ಬರುವ ಪದ್ಧತಿ ನಮ್ಮಲ್ಲಿಲ್ಲ. ನನಗೋ, ಎಲ್ಲರ ದನಿಯನ್ನೂ ಅನುಕರಿಸಲು ಬರುತ್ತದೆ. ಧರ್ಮಪುರದ ಬಸ್ಸಿನ ಕಂಡಕ್ಟರು, ಬಾಗಿಲಲ್ಲಿ ನಿಂತು ನನ್ನನ್ನು ಬೈಯುವ ನಮ್ಮವ್ವ, ಮೂಗಿನಲ್ಲೇ ಕೀರ್ತನೆ ಹಾಡುವ ಸಭೆಯ ಹಿರಿಯರು, ಯಾರದನ್ನು ಬೇಕಾದರೂ ಕೇಳಿ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ಅಯ್ಯನವರ ಪ್ರಾರ್ಥನೆ. ಮೊದಲು ಸಣ್ಣದೊಂದು ಕೆಮ್ಮು, ಆಮೇಲೆ "ಕೃಪಾಳುವಾದ ತಂದೆಯೇ" ಎಂದು ಬೆಟ್ಟ ಹತ್ತುವ ಲಾರಿಯ ಹಾಗೆ ನಿಧಾನಕ್ಕೆ ಏರುವುದು. ಅವರದೇ ಮನೆಯಲ್ಲಿ ಕೂತು ಪ್ರಾರ್ಥಿಸುವಾಗ ಆ ಕೆಮ್ಮು ತಾನಾಗಿ ಬಂದುಬಿಟ್ಟರೆ?

ಆಗಲೇ ಪೊಟ್ಟಣದ ವಾಸನೆ ನನ್ನನ್ನು ಧರ್ಮಪುರದ ಕಡೆಯ ನಮ್ಮೂರಿಗೆ ಎಳೆದುಕೊಂಡು ಹೋಯಿತು.

ನಾನು ಪಿಯುಸಿ ಫೇಲಾಗಿ, ಊರಿನವರ ದನಿಗಳನ್ನು ಅಭ್ಯಾಸ ಮಾಡುವುದನ್ನೇ ಪೂರ್ಣಾವಧಿ ಉದ್ಯೋಗ ಮಾಡಿಕೊಂಡಿದ್ದ ಕಾಲ. ಪಕ್ಕದ ಮನೆಯ ಯೋನಪ್ಪ ತಾತನ ಮೊಮ್ಮಗಳು ಎಸ್ತರಿ, ಇನ್ನೂ ಹಾಲುಹಲ್ಲಿನ ಹುಡುಗಿ, ಒಂದು ತಬ್ಬಲಿ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಆ ಮರಿ ಒಂದು ಮಧ್ಯಾಹ್ನ ಕಣಕ್ಕೆ ನುಗ್ಗಿ ಹಸಿ ಶೇಂಗಾ ಮುಕ್ಕಿತು. ಹೊಟ್ಟೆ ನಗಾರಿಯಂತೆ ಉಬ್ಬಿ, ಕಾಲು ಸೆಟೆದು ಬಿದ್ದುಕೊಂಡಿತು. ಯೋನಪ್ಪ ತಾತ ಬಿದಿರಿನ ಗೊಟ್ಟದಲ್ಲಿ ಶೇಂಗಾ ಎಣ್ಣೆಯನ್ನೇ ಅದರ ಬಾಯಿಗೆ ಸುರಿದರು. ಕೆಡಿಸಿದ್ದೂ ಶೇಂಗಾ, ಮದ್ದೂ ಶೇಂಗಾ. ನಮ್ಮ ಕಡೆ ಬೇರೇನಿದೆ ಹೇಳಿ.

"ತಾತ, ಪ್ರಾರ್ಥ್ನೆ ಮಾಡು" ಎಂದಳು ಎಸ್ತರಿ.

ತಾತ ಸಭೆಯ ಹಿರಿಯರು, ಶಿಸ್ತಿನ ಮನುಷ್ಯ. "ಪ್ರಾರ್ಥ್ನೆ ಅಂದ್ರೆ ಆತ್ಮದ ವಿಷ್ಯ ಕಣವ್ವ. ಕುರಿಗೆಲ್ಲ ಮಾಡಾಕಾಗಲ್ಲ" ಎಂದರು.

"ಗುಡಿಯಾಗಿರೋ ಪಟದಾಗೆ ಯೇಸಪ್ಪ ಹೆಗಲ ಮ್ಯಾಲೆ ಹೊತ್ಕಂಡಿರೋದು ಏನು?"

"ಕುರಿ. ಆದ್ರೆ ಅದರ ಅರ್ಥ ಬ್ಯಾರೆ ಐತೆ. ಕುರಿ ಅಂದ್ರೆ ನಾವು, ಭಕ್ತರು."

"ನಾನು ನೋಡಿದೀನಿ ತಾತ, ಬಾಲ ಐತೆ."

ತಾತ ಗೊಟ್ಟ ತೊಳೆಯಲು ಎದ್ದು ಹೋದರು. ಜೀವಮಾನವೆಲ್ಲ ಕುರಿ ಕಾಯ್ದವರು ಅವರು. ಆ ಪಟದಲ್ಲಿ ಕುರಿಯನ್ನು ಕಾಣುವುದು ಯಾವಾಗ ಬಿಟ್ಟರೋ ಅವರಿಗೇ ನೆನಪಿರಲಿಕ್ಕಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. "ಅಣ್ಣ, ನಿನಗೆ ಅಯ್ಯನೋರ ಪ್ರಾರ್ಥ್ನೆ ಬರ್ತೈತಲ್ಲ, ಮಾಡು."

ಅಯ್ಯನವರು ಹಿರಿಯೂರಿನಿಂದ ಬರುತ್ತಿದ್ದುದು ಭಾನುವಾರ ಮಾತ್ರ. ಅಲ್ಲಿಯವರೆಗೆ ಮರಿ ಕಾಯುವಂತಿರಲಿಲ್ಲ. ನನಗೋ ಪ್ರೇಕ್ಷಕರು ಸಿಕ್ಕಿದರೆ ಸಾಕು. ಕೆಮ್ಮಿದೆ. ಕೈಯೆತ್ತಿದೆ. ಭೂಮ್ಯಾಕಾಶಗಳನ್ನು, ಸೂರ್ಯಚಂದ್ರರನ್ನು ಕರೆದು, ದೇಶದ ನಾಯಕರನ್ನೆಲ್ಲ ಆಶೀರ್ವದಿಸಲು ಕೇಳಿಕೊಂಡು, ಲಾರಿಯನ್ನು ಬೆಟ್ಟದ ತುದಿ ಮುಟ್ಟಿಸಿ ಇಳಿಸಿದೆ. ಗೋಡೆಯಾಚೆ ನಮ್ಮವ್ವ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಎಸ್ತರಿ ನಗಲಿಲ್ಲ. ಮರಿಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಂದೇ ಕಣ್ಣು ತೆರೆದು ನೋಡಿದಳು.

"ಇದು ಅಯ್ಯನೋರ್ದು. ಅವ್ರು ಊರಾಗಿಲ್ಲ ಅಂತ ದೇವ್ರಿಗೆ ಗೊತ್ತೈತೆ. ಈಗ ನೀನು ಮಾಡು."

"ನಾನೇ ಮಾಡಿದ್ನಲ್ಲೇ!"

"ನಿನ್ ದನಿಯಾಗೆ ಮಾಡಣ್ಣ. ಬ್ಯಾಗ ಮಾಡು, ಸಾಯ್ತೈತೆ."

ನಾನು ಬಾಯಿ ತೆರೆದೆ. ನಾಲಿಗೆಗೆ ಕಂಡಕ್ಟರು ಬಂದ, ತಾತ ಬಂದರು, ನಮ್ಮವ್ವನೂ ಬಂದಳು. ಒಬ್ಬೊಬ್ಬರನ್ನೇ ವಾಪಸ್ಸು ಕಳಿಸಿದೆ. ಎಲ್ಲರೂ ಹೋದ ಮೇಲೆ ಒಳಗೆ ಯಾರೂ ಉಳಿದಿರಲಿಲ್ಲ. ಅಂಥ ಹೆದರಿಕೆ ನನಗೆ ಪರೀಕ್ಷೆಯ ಹಾಲಿನಲ್ಲೂ ಆಗಿರಲಿಲ್ಲ. ಕೊನೆಗೆ ನನ್ನೊಳಗಿನ ಮೂಲೆಯಿಂದ ಒಂದು ಬಡಕಲು ದನಿ ಹೊರಟಿತು. "ದೇವ್ರೇ... ಮರಿ... ಹೊಟ್ಟೆ ನೋಯ್ತೈತೆ ಅದಕ್ಕೆ."

"ಆಮೆನ್" ಎಂದಳು ಎಸ್ತರಿ. ತುಸು ಹೊತ್ತಿಗೆ ಮರಿ, ಅಷ್ಟು ಸಣ್ಣ ದೇಹದಿಂದ ನೀವು ನಿರೀಕ್ಷಿಸದಂಥ ಒಂದು ತೇಗು ತೇಗಿತು. ಹಿಂದೆಯೇ ಇನ್ನೊಂದು ಸದ್ದು ಬೇರೆ ದಾರಿಯಿಂದಲೂ ಬಂತು. ಅದನ್ನು ನಾನು ಅನುಕರಿಸಬಲ್ಲೆ, ಆದರೆ ಇಲ್ಲಿ ಬೇಡ.

ಎಣ್ಣೆಯಿಂದ ಎಂದರು ತಾತ. ಪ್ರಾರ್ಥನೆಯಿಂದ ಎಂದಳು ನಮ್ಮವ್ವ. ಅವರಿಬ್ಬರೂ ಕತ್ತಲಾಗುವವರೆಗೆ ವಾದ ಮಾಡಿದರು. ಎಸ್ತರಿಗೆ ಆ ವಾದವೇ ಬೇಕಿರಲಿಲ್ಲ. ಮರಿ ಎದ್ದು ನಿಂತದ್ದೇ "ಥ್ಯಾಂಕ್ಸ್ ದೇವ್ರೇ" ಎಂದು, ಪಕ್ಕದಲ್ಲಿ ನಿಂತವರಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿ, ನೀರು ತರಲು ಓಡಿದ್ದಳು.

ಚಿತ್ರದುರ್ಗದಲ್ಲಿ ಇಳಿದು ಅಯ್ಯನವರ ಮನೆ ಸೇರಿದೆ. ಕಂಠದ ಸುತ್ತ ಬಿಳಿ ಬಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಶೇಂಗಾ ಕಂಡು ಅವರ ಹುಬ್ಬು ಮೇಲೇರಿತು. "ಬರ್ರಿ ಯಜಮಾನ್ರೇ, ಕುಂತ್ಕಳ್ರಿ" ಎಂದು ರೇಗಿಸಿದವರು ಅವರ ಹೆಂಡತಿ, ಅಮ್ಮಾವ್ರು. ಅಯ್ಯನವರು ನನ್ನ ಗಂಟಲಿನತ್ತ ಬೆರಳು ಮಾಡಿದರು, ಆಮೇಲೆ ತಮ್ಮ ಕಿವಿಯತ್ತ.

"ಅವ್ರ ದನಿ ಒಂದ್ಸಲ ಕೇಳ್ಬೇಕಂತೆ ಕಣಪ್ಪ" ಎಂದರು ಅಮ್ಮಾವ್ರು. "ನೀನು ಮಾಡ್ತೀಯಲ್ಲ."

ಅಂದರೆ ಇಷ್ಟು ವರ್ಷವೂ ಗೊತ್ತಿತ್ತು! ಬೆವರುತ್ತಲೇ ಕೆಮ್ಮಿದೆ, ಅವರು ಸಭೆಗೆ ಸ್ವಾಗತ ಹೇಳುತ್ತಿದ್ದ ಪರಿಯನ್ನು ಮಾಡಿ ತೋರಿಸಿದೆ. ಅಯ್ಯನವರ ಹೆಗಲು ಕುಣಿಯಿತು, ಸದ್ದಿಲ್ಲದ ನಗು. ಅಮ್ಮಾವ್ರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋಗಿ, ಅತ್ತ ಮುಖ ಮಾಡಿ ನಿಂತರು.

ಆಮೇಲೆ ಅಯ್ಯನವರು ಕೈಮುಗಿದು ಕಣ್ಣು ಮುಚ್ಚಿದರು. ಈಗ ಪ್ರಾರ್ಥನೆ. ಅವರ ದನಿ ನನ್ನ ನಾಲಿಗೆಯ ಮೇಲೆ ಸಿದ್ಧವಾಗಿ ನಿಂತಿತ್ತು, ಲಾರಿ ಸ್ಟಾರ್ಟ್ ಆಗಿಯೇ ಇತ್ತು. ಅದನ್ನು ನಿಲ್ಲಿಸಿದೆ. ಮೂಲೆಯ ಬಡಕಲು ದನಿಗೆ ಕಾದೆ. ಇಷ್ಟು ವರ್ಷದಲ್ಲಿ ಅದೇನೂ ದಪ್ಪವಾಗಿರಲಿಲ್ಲ.

"ದೇವ್ರೇ, ಅಯ್ಯನೋರ ದನಿ ನನ್ನ ಹತ್ರ ಐತೆ. ವಾಪಸ್ ಕೊಡಾಣ ಅಂತ ಬಂದೀನಿ. ಹೆಂಗೆ ಕೊಡ್ಬೇಕೋ ಗೊತ್ತಾಗವಲ್ದು. ನೀನೇ ಇಸ್ಕಂಡು ಕೊಡು."

ಎಸ್ತರಿಯ ಹಾಗೆ ಒಂದೇ ಕಣ್ಣು ತೆರೆದು ನೋಡಿದೆ. ಅಯ್ಯನವರ ತುಟಿ ಅಲುಗುತ್ತಿತ್ತು. ಸದ್ದಿಲ್ಲ. ಆದರೆ ಆ ತುಟಿಗಳನ್ನು ಇಷ್ಟು ವರ್ಷ ಕದ್ದು ನೋಡಿ ಕಲಿತವನು ನಾನು. ಅದು ಆಮೆನ್ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.