ಮಗಳ ಗದ್ದಕ್ಕೆ ಹಿಡಿದ ಬೆಳಕು

ಮಗಳು ಎರಡನೇ ಪಿಯುಸಿಯಲ್ಲಿದ್ದಾಗ ಅವಳ ಮುಖವನ್ನು ನಾನೇ ನನ್ನ ಕೈಯಾರೆ ಸುಟ್ಟೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಸುತ್ತಿ ಬಳಸಿ ಬರೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ನನ್ನ ತಪ್ಪನ್ನು ನಾನೇ ಮುಚ್ಚಿಬಿಡುತ್ತೇನೆ ಎಂಬ ಹೆದರಿಕೆ ನನಗಿದೆ. ಮುಚ್ಚಿಡುವುದರಲ್ಲಿ ನನಗೆ ಇಪ್ಪತ್ತು ವರ್ಷದ ಅಭ್ಯಾಸ.

ನಾನು ಬಸ್ ಕಂಡಕ್ಟರ್. ಮನೆ ಕಡೂರಿನಲ್ಲಿ. ಆಗ ನನಗೆ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗಿಬರುವ ರೂಟು. ಮೊದಲ ಟ್ರಿಪ್ಪಿಗೆ ಬೆಳಗಿನ ಐದೂವರೆಗೆಲ್ಲ ಡಿಪೋದಲ್ಲಿರಬೇಕು. ನನ್ನ ಗಂಡನಿಗೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಸಣ್ಣ ಅಂಗಡಿ. ನಮಗೆ ಒಬ್ಬಳೇ ಮಗಳು.

ಅವಳು ಎಂಟನೇ ಕ್ಲಾಸಿಗೆ ಬಂದಾಗ ತುಟಿಯ ಮೇಲೆ ಕಪ್ಪಗೆ ಕಾಣತೊಡಗಿತು. ಒಂಬತ್ತನೇ ಕ್ಲಾಸಿನ ಹೊತ್ತಿಗೆ ಗದ್ದದ ಕೆಳಗೂ ಬಂತು. ಮೊದಮೊದಲು ಕಡಲೆಹಿಟ್ಟು, ಅರಿಶಿನ ತಿಕ್ಕಿದೆ. ಆಮೇಲೆ ಕೊರೋನಾ ಬಂತು. ಊರೆಲ್ಲ ಮಾಸ್ಕ್ ಹಾಕಿಕೊಂಡು ಶಪಿಸುತ್ತಿದ್ದರೆ ನನ್ನ ಮಗಳು ಒಬ್ಬಳೇ ಖುಷಿಯಾಗಿದ್ದಳು. ಎಲ್ಲರೂ ಮಾಸ್ಕ್ ತೆಗೆದು ಬಿಸಾಡಿದ ಮೇಲೂ ಅವಳು ತೆಗೆಯಲಿಲ್ಲ. ಕಾಲೇಜಿನಲ್ಲಿ ಒಬ್ಬ ಲೆಕ್ಚರರ್ ಪಾಠ ನಿಲ್ಲಿಸಿ, "ಏನಮ್ಮಾ, ನಿಂಗಿನ್ನೂ ಕೊರೋನಾ ಹೋಗಿಲ್ವಾ?" ಎಂದು ಕೇಳಿದರಂತೆ. ಕ್ಲಾಸೆಲ್ಲ ನಕ್ಕಿತಂತೆ. ಅವತ್ತು ಮಾಸ್ಕ್ ತೆಗೆದಳು.

"ಅಮ್ಮಾ, ಬ್ಲೇಡ್ ಹಾಕ್ಕೊಳ್ಲಾ?" ಎಂದು ಕೇಳಿದಳು.

"ಹೆಣ್ಮಕ್ಳು ಮುಖಕ್ಕೆ ಬ್ಲೇಡ್ ಹಾಕ್ತಾರೇನೇ? ಇನ್ನೂ ದಪ್ಪ ಬತ್ತದೆ" ಎಂದೆ.

ಹಾಗೆ ಹೇಳಿದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ನಾನು ನನ್ನ ಗದ್ದ ಬೋಳಿಸಿಕೊಂಡಿದ್ದೆ. ಅವಳು ಹುಟ್ಟುವುದಕ್ಕೂ ಮೊದಲಿನಿಂದ, ಪ್ರತಿ ದಿನವೂ. ನನ್ನ ಅವ್ವ ಸಾಯುವ ತನಕ ನನಗೆ ಹೇಳಿದ್ದು ಒಂದೇ ಮಾತು: "ಗಂಡನ ಮನೇಲಿ ಗೊತ್ತಾಗದಂಗೆ ನೋಡ್ಕೊ." ನೋಡಿಕೊಂಡೆ. ಮಗಳಿಗೂ ಗೊತ್ತಾಗದ ಹಾಗೆ ನೋಡಿಕೊಂಡೆ.

ಒಂದು ದಿನ ಅವಳು ಕಾಲೇಜು ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಸ್ಸನ್ನೇ ಹತ್ತಿದಳು. ಅಜ್ಜಂಪುರದಲ್ಲಿರುವ ಅವಳ ಅತ್ತೆಯ ಮನೆಗೆ ಹೊರಟಿದ್ದಳು. ಹಿಂದಿನ ಸೀಟಿನಿಂದ ಒಂದು ಗಂಡು ದನಿ, "ಲೇ, ಮೀಸೆ ಬಂತು ಕಣ್ರೋ, ಸೀಟು ಬಿಡ್ರೋ" ಎಂದಿತು. ನಾಲ್ಕೈದು ಜನ ನಕ್ಕರು. ನಾನು ಎರಡು ಸೀಟಿನಾಚೆ ಟಿಕೆಟ್ ಮೆಷಿನ್ ಹಿಡಿದು ನಿಂತಿದ್ದೆ. ಚಿಲ್ಲರೆಗೆ ಜಗಳವಾಡುವ ಗಂಡಸರನ್ನು ನಡುರಸ್ತೆಯಲ್ಲಿ ಇಳಿಸಿದ ಹೆಂಗಸು ನಾನು. ಅವತ್ತು ಮಾತ್ರ ತಿರುಗಿ ನೋಡಲಿಲ್ಲ. ತಿರುಗಿ ಬೈದರೆ ಅವರೆಲ್ಲ ನನ್ನ ಮುಖ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ನನ್ನ ಗದ್ದ ಒರಟಾಗಿರುತ್ತದೆ. ನಾನು ಮುಂದಿನ ಸೀಟಿಗೆ ಹೋಗಿ, "ಟಿಕೆಟ್, ಟಿಕೆಟ್" ಎಂದೆ. ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳ ಕಿವಿ ಕೆಂಪಾಗಿತ್ತು.

ಬೆಳಕಿನ ಮೆಷಿನ್ ವಿಷಯ ತಂದದ್ದು ಅವಳೇ. ಫೋನಿನಲ್ಲಿ ವಿಡಿಯೋ ತೋರಿಸಿದಳು. ಕೈಯಲ್ಲಿ ಹಿಡಿಯುವ ಒಂದು ಬಿಳಿ ಡಬ್ಬಿ. ಚರ್ಮಕ್ಕೆ ಒತ್ತಿ ಗುಂಡಿ ಅದುಮಿದರೆ ಫಳ್ ಎಂದು ಮಿಂಚುತ್ತದೆ. ಕೂದಲಿನ ಬುಡ ಬಿಸಿಯಾಗಿ ಬೆಳೆಯುವುದು ನಿಲ್ಲುತ್ತದೆ ಎಂದು ಹಾಲಿನಂಥ ಬಣ್ಣದ ಹುಡುಗಿಯೊಬ್ಬಳು ಕಾಲು ನೀವಿಕೊಳ್ಳುತ್ತಾ ಹೇಳುತ್ತಿದ್ದಳು. ಆ ಕಾಲಿನಲ್ಲಿ ಮೊದಲಿಗೆ ಒಂದು ಕೂದಲಾದರೂ ಇತ್ತೋ ಇಲ್ಲವೋ.

ಮಗಳು ಹುಬ್ಬು, ತುಟಿ ಮಾಡಿಸಿಕೊಳ್ಳುತ್ತಿದ್ದ ಪಾರ್ಲರಿನ ಹೆಂಗಸನ್ನು ಕೇಳಿದೆ. ನಮ್ಮ ಬೀದಿಯವರೇ, ಮನೆಯಲ್ಲಿ ದಖ್ಖನಿ ಮಾತಾಡುವ ಸಾಬರ ಮನೆಯ ಸೊಸೆ, ದಾರದಲ್ಲಿ ಕೂದಲು ಕೀಳುವುದರಲ್ಲಿ ಅವರಷ್ಟು ಹಗುರ ಕೈ ಕಡೂರಿನಲ್ಲಿ ಇನ್ನೊಬ್ಬರದಿಲ್ಲ.

"ಬ್ಯಾಡ ಅಕ್ಕಾ" ಎಂದರು. "ನಮ್ ಬಣ್ಣಕ್ಕೆ ಅದು ಆಗಿಬರಲ್ಲ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಈ ವಯಸ್ಸಿಗೆ ಇಷ್ಟು ಬರ್ತದೆ ಅಂದ್ರೆ ಒಳಗೇನೋ ಇರ್ತದೆ."

ಡಾಕ್ಟರ ಹತ್ತಿರ ಹೋದರೆ ಏನೇನು ಕೇಳುತ್ತಾರೋ ಎಂಬ ಭಯಕ್ಕೆ ನಾನು ಮೆಷಿನ್ ತರಿಸಿದೆ.

ಪೆಟ್ಟಿಗೆಯಲ್ಲಿ ಒಂದು ಕಾಗದವಿತ್ತು. ಅದರಲ್ಲಿ ಚರ್ಮದ ಬಣ್ಣಗಳ ಚೌಕಗಳು, ಬಿಳಿಯಿಂದ ಹಿಡಿದು ಕಾಫಿಬೀಜದ ಬಣ್ಣದ ತನಕ ಸಾಲಾಗಿ ಅಚ್ಚಾಗಿದ್ದವು. ಕೊನೆಯ ಎರಡರ ಮೇಲೆ ಕೆಂಪು ಕಾಟು ಹಾಕಿದ್ದರು. ಮಗಳು ಇಂಗ್ಲಿಷ್ ಓದಿ ಹೇಳಿದಳು: "ಅಮ್ಮಾ, ಕಾಟು ಹಾಕಿರೋ ಬಣ್ಣದವ್ರು ಉಪಯೋಗಿಸಬಾರ್ದಂತೆ." ಹಿತ್ತಲಿನ ಬಿಸಿಲಿಗೆ ಕರೆದುಕೊಂಡು ಹೋಗಿ ಕಾಗದವನ್ನು ಅವಳ ಕೆನ್ನೆಗೆ ಹಿಡಿದೆ. ಅವಳ ಬಣ್ಣ ಕಾಟಿಲ್ಲದ ಚೌಕಕ್ಕೂ ಕಾಟಿರುವ ಚೌಕಕ್ಕೂ ನಡುವೆ ಬಂತು.

"ನೀನು ಬಿಸ್ಲಲ್ಲಿ ಓಡಾಡಿ ಕಪ್ಪಾಗಿದೀಯ ಅಷ್ಟೆ. ಹುಟ್ದಾಗ ಎಷ್ಟು ಬೆಳ್ಳಗಿದ್ದೆ ಗೊತ್ತಾ?" ಎಂದೆ.

ಅವಳು ನಂಬಿದಳು. ನಂಬಬೇಕಾಗಿತ್ತು ಅವಳಿಗೆ.

ಭಾನುವಾರಗಳಂದು ಕೋಣೆಯ ಬಾಗಿಲು ಹಾಕಿ, ಅವಳ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಮೆಷಿನ್ನನ್ನು ಎಲ್ಲಕ್ಕಿಂತ ಕೆಳಗಿನ ಹಂತದಲ್ಲಿಟ್ಟು ಮಾಡಿದೆ. ಒಂದು ವಾರ, ಎರಡು ವಾರ, ಐದು ವಾರ. ಕೂದಲು ಹಾಗೇ ಇತ್ತು. ಸೋಮವಾರ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ಗದ್ದ ಸವರಿಕೊಳ್ಳುತ್ತಿದ್ದಳಂತೆ. ನಾನಾಗಲೇ ಡ್ಯೂಟಿಯಲ್ಲಿರುತ್ತಿದ್ದೆ. "ಕಮ್ಮಿ ಆಗಿದೆ ಅನ್ಸುತ್ತೆ ಅಲ್ವಾ?" ಎಂದು ಸಂಜೆ ಕೇಳುತ್ತಿದ್ದಳು. ನಾನು "ಹೂಂ" ಎನ್ನುತ್ತಿದ್ದೆ.

ಅಷ್ಟರಲ್ಲಿ ಕಾಲೇಜಿನ ವಾರ್ಷಿಕೋತ್ಸವ ಬಂತು. ಮಗಳ ದನಿ ಬಲು ಚೆನ್ನ. ಕನ್ನಡ ಮೇಡಂ ಅವಳನ್ನೇ ನಿರೂಪಣೆಗೆ ಆರಿಸಿದ್ದರು. ಇಡೀ ಕಾಲೇಜಿನ ಎದುರು, ದೀಪದ ಕೆಳಗೆ ಮೈಕ್ ಹಿಡಿದು ನಿಲ್ಲಬೇಕು. ಅವಳಿಗೆ ಅದು ಬೇಕಾಗಿತ್ತು. ಮನೆಯಲ್ಲಿ ಸೌಟು ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಒಂದು ವಾರ ಇರುವಾಗ ಬಂದು, "ಮೇಡಂಗೆ ಆಗಲ್ಲ ಅಂತ ಹೇಳ್ಬಿಡ್ತೀನಿ ಅಮ್ಮಾ" ಎಂದಳು.

"ಯಾಕೆ ಹೇಳ್ಬೇಕು? ಜೋರಾಗಿ ಇಡೋಣ" ಎಂದೆ.

ಆ ಭಾನುವಾರ ಮೆಷಿನ್ನಿನ ಎಲ್ಲ ದೀಪಗಳೂ ಹತ್ತುವ ತನಕ ಗುಂಡಿ ಅದುಮಿದೆ. ಅದು ಕೊನೆಯ ಹಂತ. ಮೊದಲ ಫ್ಲ್ಯಾಶಿಗೇ ಅವಳು ಕುಳಿತಲ್ಲೇ ಹಾರಿದಳು.

"ಅಮ್ಮಾ, ಉರಿ! ಎಣ್ಣೆ ಸಿಡಿದಂಗೆ ಆಯ್ತು."

"ಸ್ವಲ್ಪ ತಡ್ಕೊ."

"ಆಗ್ತಿಲ್ಲ ಅಮ್ಮಾ."

"ತಡ್ಕೊಳೇ. ಮತ್ತೆ ವೇದಿಕೆ ಮೇಲೆ ನಿಂತ್ಕೊಬೇಕಾ ಬೇಡ್ವಾ?"

ತಡೆದುಕೊಂಡಳು. ಹಲ್ಲು ಕಚ್ಚಿ, ನನ್ನ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಒಂದೇ ಜಾಗಕ್ಕೆ ಎರಡೆರಡು ಸಲ ಕೊಟ್ಟೆ. ಸುಟ್ಟ ಕೂದಲಿನ ವಾಸನೆ ಬಂತು. ಆ ವಾಸನೆಗೆ ನಾನು ಹೆದರಬೇಕಿತ್ತು. ಕೆಲಸ ಆಗುತ್ತಿದೆ ಎಂದುಕೊಂಡೆ.

ಮಾರನೆಯ ದಿನ ಸಂಜೆ ನಾನು ಮನೆಗೆ ಬಂದಾಗ ಅವಳ ಗದ್ದ, ದವಡೆ, ಮೇಲ್ದುಟಿಯ ತುಂಬ ಅವರೆಕಾಳಿನಷ್ಟು ಗುಳ್ಳೆಗಳು. ಗುಳ್ಳೆ ಒಡೆದವು, ಸಿಪ್ಪೆ ಉದುರಿತು. ಕೆಳಗಿನಿಂದ ಕಪ್ಪು ಕಲೆ ಎದ್ದಿತು. ಮೆಷಿನ್ನಿನ ಬಾಯಿಯ ಅಚ್ಚಿನಂತೆ ಒಂದೊಂದೂ ಆಯತಾಕಾರ. ಒಟ್ಟು ಏಳು. ನೋಡಿದವರು ಯಾರಾದರೂ ಇದು ತನ್ನಷ್ಟಕ್ಕೆ ಆದದ್ದಲ್ಲ, ಯಾರೋ ಮಾಡಿದ್ದು ಎಂದು ಹೇಳಬಹುದಾಗಿತ್ತು.

ವಾರ್ಷಿಕೋತ್ಸವದ ದಿನ ಅವಳು ಹಾಸಿಗೆಯಿಂದ ಏಳಲಿಲ್ಲ. ಆಮೇಲೆ ಕಾಲೇಜಿಗೂ ಹೋಗಲಿಲ್ಲ. ವೇಲನ್ನು ಮುಖಕ್ಕೆ ಸುತ್ತಿಕೊಂಡೇ ಊಟ ಮಾಡುತ್ತಿದ್ದಳು. ನನ್ನ ಗಂಡ ಮಾತಾಡಿಸಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಒಂದು ಸಂಜೆ ನಾನು ಮುಲಾಮು ಹಚ್ಚಲು ಕೈ ಚಾಚಿದಾಗ ಕೈಯನ್ನು ತಳ್ಳಿ, "ನಾನು ಹುಟ್ಲೇಬಾರ್ದಿತ್ತು" ಎಂದಳು. ಆ ದಿನದಿಂದ ಒಂದೊಂದು ಸ್ಟಾಪಿನಲ್ಲೂ ನಾನು ಮನೆಗೆ ಫೋನ್ ಮಾಡುತ್ತಿದ್ದೆ. ಅವಳು ಎತ್ತುತ್ತಿರಲಿಲ್ಲ. ಗಂಡನಿಗೆ ಮಾಡಿ, "ಅಂಗಡಿ ಬಿಟ್ಟು ಒಂದ್ಸಲ ಮನೆಗೆ ಹೋಗಿ ನೋಡ್ಕೊಂಡ್ ಬನ್ನಿ" ಎನ್ನುತ್ತಿದ್ದೆ. ಅವರು "ಇದಾಳೆ ಕಣೇ, ಮಲಗಿದಾಳೆ" ಎನ್ನುವ ತನಕ ನನಗೆ ಮುಂದಿನ ಟಿಕೆಟ್ ಹರಿಯಲು ಕೈ ಬರುತ್ತಿರಲಿಲ್ಲ.

ಪಾರ್ಲರಿನ ಹೆಂಗಸು ವಿಷಯ ತಿಳಿದು ಮನೆಗೇ ಬಂದರು. ನನ್ನನ್ನು ಬೈಯಲಿಲ್ಲ. ಶಿವಮೊಗ್ಗದ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ತರೀಕೆರೆಗೆ ಬರುತ್ತಾರೆ, ನಾಳೆಯೇ ಕರೆದುಕೊಂಡು ಹೋಗಿ ಎಂದರು.

ಡಾಕ್ಟರಮ್ಮ ಮಗಳ ವೇಲನ್ನು ಮೆಲ್ಲಗೆ ಸರಿಸಿ, ಬಹಳ ಹೊತ್ತು ನೋಡಿದರು. ಚರ್ಮದ ಬಣ್ಣ ಗಾಢವಾಗಿದ್ದರೆ ಈ ಬೆಳಕನ್ನು ಕೂದಲಿಗಿಂತ ಚರ್ಮವೇ ಹೀರಿಕೊಂಡು ಸುಡುತ್ತದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಮುಟ್ಟಿನ ವಿಷಯ ಕೇಳಿದರು. ಎರಡು ಮೂರು ತಿಂಗಳಿಗೊಮ್ಮೆ ಆಗುತ್ತದೆ ಎಂದು ಮಗಳು ಹೇಳಿದಳು. ಅದು ನನಗೆ ಗೊತ್ತೇ ಇರಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದ್ಯಾ? ತಾಯಿಗೆ?" ಎಂದು ನನ್ನ ಕಡೆ ತಿರುಗಿದರು.

ಮಗಳೂ ನನ್ನನ್ನೇ ನೋಡುತ್ತಿದ್ದಳು.

"ಇಲ್ಲ" ಎಂದೆ.

ಡಾಕ್ಟರು ನನ್ನ ಗದ್ದವನ್ನು ಒಂದು ಕ್ಷಣ ನೋಡಿ, ತಲೆ ತಗ್ಗಿಸಿ ಬರೆದುಕೊಂಡರು. ಅವರಿಗೆ ತಿಳಿಯಿತು. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿಕೊಂಡು ಮುಂದಿನ ವಾರ ಬನ್ನಿ ಎಂದರು.

ತರೀಕೆರೆಯಿಂದ ಕಡೂರಿನ ಬಸ್ಸು ಹತ್ತಿದೆವು. ಬೀರೂರು ದಾಟುವಾಗ ಮಗಳು ಕಿಟಕಿಯ ಕಡೆ ನೋಡುತ್ತಲೇ, "ನಮ್ಮನೇಲಿ ನಂಗೊಬ್ಳಿಗೇ ಯಾಕಮ್ಮಾ ಹಿಂಗೆ?" ಎಂದಳು. ಹೇಳಲು ಬಾಯಿ ತೆರೆದೆ. ಬಸ್ಸಿನ ತುಂಬ ಜನ. ಕಂಡಕ್ಟರು ನನ್ನ ಜೊತೆ ಕೆಲಸ ಮಾಡುವವನು. ಆಗಲಿಲ್ಲ.

ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ನಾನು ಬಚ್ಚಲಮನೆಗೆ ಹೋದೆ. ಸೋಪು ಹಚ್ಚಿದೆ. ಬ್ಲೇಡ್ ಎತ್ತಿಕೊಂಡೆ. ಹಾಗೇ ಹೊರಗೆ ಬಂದು, ಅವಳ ಕೋಣೆಯ ದೀಪ ಹಾಕಿ, "ಏಳು ಮಗಳೇ, ಒಂದ್ಸಲ ಬಾ" ಎಂದೆ. ಅವಳು ಕಣ್ಣುಜ್ಜಿಕೊಳ್ಳುತ್ತಾ ಹಿಂದೆ ಬಂದಳು. ಬಾಗಿಲು ಹಾಕದೆ, ಕನ್ನಡಿಯ ಮುಂದೆ ನಿಂತು ಗದ್ದ ಬೋಳಿಸಿಕೊಂಡೆ. ಮೇಲಿನಿಂದ ಕೆಳಗೆ, ದವಡೆ, ಕುತ್ತಿಗೆ. ಅವಳು ಹೊಸ್ತಿಲಲ್ಲಿ ನಿಂತು ನೋಡಿದಳು. ಮುಗಿಸಿ, ಮುಖ ತೊಳೆದು ತಿರುಗಿದೆ. ಅವಳು ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದುಕೊಂಡಿದ್ದೆ.

"ಎಷ್ಟು ವರ್ಷದಿಂದ?" ಎಂದಳು.

"ನೀನು ಹುಟ್ಟೋಕೂ ಮುಂಚಿಂದ."

"ಎಂಟನೇ ಕ್ಲಾಸಿಂದ ನಾನೊಬ್ಳೇ ಅಂದ್ಕೊಂಡಿದ್ದೆ. ನಾನು ಹುಡ್ಗೀನೇ ಅಲ್ವೇನೋ ಅಂದ್ಕೊಂಡಿದ್ದೆ. ನೀನು ಪಕ್ಕದ್ ರೂಮಲ್ಲೇ ಇದ್ಯಲ್ಲಮ್ಮಾ!" ಅವಳ ದನಿ ಏರಿತು. "ಬ್ಲೇಡ್ ಹಾಕ್ಬೇಡ ಅಂದ್ಯಲ್ಲ. ನಿನ್ನೆ ಡಾಕ್ಟ್ರ ಮುಂದೆ ಕೂಡ ಇಲ್ಲ ಅಂದ್ಯಲ್ಲ. ನನ್ ಮುಖ ಸುಟ್ಟಿದ್ದು ಬಿಡು, ಗೊತ್ತಿಲ್ದೆ ಮಾಡ್ದೆ. ಇದನ್ನ ಗೊತ್ತಿದ್ದೂ ಮಾಡ್ದಲ್ಲ!"

ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ಅವತ್ತು ಡ್ಯೂಟಿಗೆ ಹೋಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅಳುತ್ತಿದ್ದಾಗ ಗಂಡ ಎದ್ದು ಬಂದರು. ಎಲ್ಲ ಹೇಳಿದೆ, ನನ್ನ ಗಡ್ಡದ ವಿಷಯವನ್ನೂ. ಅವರು ಪಕ್ಕದಲ್ಲಿ ಕೂತು, "ಮನೆಗೆ ಬ್ಲೇಡ್ ತರೋನು ನಾನೇ ಅಲ್ವೇನೇ? ತಿಂಗ್ಳಿಗೆ ಎರಡು ಪ್ಯಾಕೆಟ್ ಖಾಲಿ ಮಾಡೋ ಅಷ್ಟು ಗಡ್ಡ ನಂಗೆಲ್ಲೈತೆ?" ಎಂದರು.

"ಗೊತ್ತಿದ್ದೂ ಯಾಕ್ ಹೇಳ್ಲಿಲ್ಲ?"

"ನೀನು ಬಾಗ್ಲು ಹಾಕ್ಕೊಂತಿದ್ಯಲ್ಲ" ಎಂದರು.

ಮುಂದಿನ ವಾರ ತರೀಕೆರೆಗೆ ಮಗಳೇ ಹೊರಟಳು. ನನ್ನನ್ನು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಹಿಂದೆ ಹೋದೆ. ಡಾಕ್ಟರಮ್ಮ ರಿಪೋರ್ಟು ತೆರೆಯುವ ಮೊದಲೇ, "ನಮ್ಮಮ್ಮಂಗೂ ಇದೆ ಮೇಡಂ. ದಿನಾ ಶೇವ್ ಮಾಡ್ತಾರೆ" ಎಂದಳು. ನಾನು ನೆಲ ನೋಡಿದೆ. ಹಾರ್ಮೋನಿನ ಏರುಪೇರು ಎಂದರು ಡಾಕ್ಟರು. ತಾಯಿಯಿಂದ ಮಗಳಿಗೆ ಬರಬಹುದು, ಮಾತ್ರೆ ಇದೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಬಿಸಿಲಿಗೆ ಕ್ರೀಮ್ ಹಚ್ಚದೆ ಹೋಗಬಾರದು. ಗಾಯ ಪೂರ್ತಿ ಮಾಗಿದ ಮೇಲೆ ಬೇಕಾದರೆ ಬ್ಲೇಡ್ ಹಾಕಿಕೊಳ್ಳಬಹುದು, ಅದರಿಂದ ಕೂದಲು ದಪ್ಪವಾಗುವುದಿಲ್ಲ. ಬ್ಲೇಡ್ ಹಾಕಬೇಡ ಎಂದು ನಾನು ಮಗಳಿಗೆ ಹೇಳಿದ್ದೆಲ್ಲ ಒಂದು ವಾಕ್ಯದಲ್ಲಿ ಹೋಯಿತು.

ಅವಳು ಪರೀಕ್ಷೆ ಬರೆದಳು. ಪಾಸಾದಳು, ಅಂದುಕೊಂಡಷ್ಟು ಬರಲಿಲ್ಲ. ಈಗ ಡಿಗ್ರಿಗೆ ಹೋಗುತ್ತಿದ್ದಾಳೆ. ಏಳು ಕಲೆಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಮಾಸಿವೆ. ದವಡೆಯ ಮೇಲಿನ ಮೂರು ಉಳಿದಿವೆ. ಕೂದಲು ಕಡಿಮೆಯಾಗಿದೆ, ಹೋಗಿಲ್ಲ. ಬೆಳಿಗ್ಗೆ ಅವಳು ಅವಳ ಕೋಣೆಯ ಕನ್ನಡಿಯಲ್ಲಿ, ನಾನು ಬಚ್ಚಲಮನೆಯಲ್ಲಿ. ಒಟ್ಟಿಗೆ ಎಂದೂ ಇಲ್ಲ. ನನ್ನ ಜೊತೆ ಮಾತಾಡುತ್ತಾಳೆ. ಸಾರಿಗೆ ಉಪ್ಪು ಸಾಲದು ಎನ್ನುತ್ತಾಳೆ, ಹೋಗುವಾಗ "ಬತ್ತೀನಮ್ಮಾ" ಎನ್ನುತ್ತಾಳೆ. ಆದರೆ ಆ ಭಾನುವಾರದಿಂದ ಇವತ್ತಿನ ತನಕ ನನ್ನ ಕೈ ಅವಳ ಮುಖ ಮುಟ್ಟಲು ಬಿಟ್ಟಿಲ್ಲ. ಮೊನ್ನೆ ಜ್ವರ ಬಂದು ಮಲಗಿದ್ದಳು. ಹಣೆ ಮುಟ್ಟಿ ನೋಡೋಣವೆಂದು ಬಗ್ಗಿದೆ. ಕಣ್ಣು ಮುಚ್ಚಿಕೊಂಡೇ ತಲೆ ಆಚೆ ಸರಿಸಿಕೊಂಡಳು. ನಾನು ಅವಳ ಪಾದ ಮುಟ್ಟಿ ಜ್ವರ ನೋಡಿದೆ. ಸುಡುತ್ತಿತ್ತು.