ಅಪ್ಪನ ಮಂಚದ ಕೆಳಗೆ ಹಲಗಿ

ಕಾಲೇಜಿಗೆ ಹೋಗುವ ಮಗನಿರುವ ಮನೆಯಲ್ಲಿ ಅಪ್ಪನಾದವನು ಏನು ಬೇಕಾದರೂ ಸಿಗಬಹುದೆಂದು ತಯಾರಾಗಿಯೇ ಇರುತ್ತಾನೆ. ಸಿಗರೇಟಿನ ಪಾಕೀಟು ಸಿಗಬಹುದು. ಯಾವುದೋ ಹುಡುಗಿಯ ಫೋಟೋ ಸಿಗಬಹುದು. ತೀರಾ ಗ್ರಹಚಾರ ಕೆಟ್ಟರೆ ಬಾಟಲಿ.

ನನಗೆ ಹೋದ ತಿಂಗಳು ಸಿಕ್ಕಿದ್ದು ಹಲಗಿ.

ಅದೂ ಎಲ್ಲಿ? ನಮ್ಮಪ್ಪನ ಮಂಚದ ಕೆಳಗೆ. ಹಳೆಯ ಚಾದರದಲ್ಲಿ ಸುತ್ತಿ ಜೋಳದ ಚೀಲದ ಹಿಂದೆ ತಳ್ಳಿ ಇಟ್ಟಿದ್ದರು. ಚಪ್ಪಲಿ ಹುಡುಕಲು ಬಗ್ಗಿದವನು ಚಾದರ ಸರಿಸಿ ನೋಡಿದೆ, ಹಾಗೇ ನೆಲದ ಮೇಲೆ ಕುಳಿತೆ. ಮಂಚದ ಮೇಲೆ ಅಪ್ಪ ಮಧ್ಯಾಹ್ನದ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನಿಗೂ ಹಲಗಿಗೂ ನಡುವೆ ಇದ್ದದ್ದು ಒಂದು ಗಾದಿ ಅಷ್ಟೆ. (ಬಾಟಲಿಯೇ ಸಿಕ್ಕಿದ್ದರೆ ಮಗನಿಗೆ ಒಂದೆರಡು ಏಟು ಬಿಗಿದು ನಿಶ್ಚಿಂತೆಯಿಂದ ಇರುತ್ತಿದ್ದೆ.)

ಹಲಗಿಗೆ ಯಾಕಿಷ್ಟು ಹೆದರಿಕೆ ಎಂದು ಕೇಳುವ ಓದುಗರು ಪುಣ್ಯವಂತರು. ಬಳೆಯಂಥ ಚೌಕಟ್ಟಿಗೆ ಚರ್ಮ ಬಿಗಿದ ವಾದ್ಯ ಅದು, ಹೆಗಲಿಗೆ ಹಾಕಿಕೊಂಡು ಕಡ್ಡಿಯಿಂದ ಬಡಿಯುತ್ತಾರೆ, ಕೇಳಿದವರ ಕಾಲು ಸುಮ್ಮನಿರುವುದಿಲ್ಲ. ಇಷ್ಟು ನಿಮಗೂ ಗೊತ್ತು. ಅದನ್ನು ಯಾರು ಬಡಿಯಬೇಕು ಎನ್ನುವುದೂ ಗೊತ್ತು. ಹುಲಸೂರ ಕಡೆಯ ನಮ್ಮ ಹಳ್ಳಿಯಲ್ಲಿ ಅದು ನಮ್ಮ ಮನೆಯ ಪಾಲಿಗೆ ಬಂದಿತ್ತು. ಹೆಣ ಎತ್ತಿದರೆ ಮುಂದೆ ಅಪ್ಪ. ಡಂಗುರ ಸಾರಬೇಕಾದರೆ ಅಪ್ಪ. ಪಾಟೀಲರ ಮನೆಯ ಮದುವೆಯ ಮೆರವಣಿಗೆಗೂ ಅಪ್ಪ. ಎಲ್ಲ ಮುಗಿದ ಮೇಲೆ ವಾಡೆಯ ಹಿಂದಿನ ಗೋಡೆಯ ಹತ್ತಿರ, ಉಂಡವರು ಕೈತೊಳೆದ ನೀರು ಹರಿಯುವ ಕಡೆ ಕುಳಿತು ಊಟ.

ಆಮೇಲೆ ಅಪ್ಪ ನಾಗಪುರಕ್ಕೆ ಹೋದ. ದೀಕ್ಷೆ ತೆಗೆದುಕೊಂಡು ಬೌದ್ಧನಾಗಿ ತಿರುಗಿ ಬಂದ. ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ಸುಮಾರಿಗೆ. ರಾಜ್ಯ ಬದಲಾದದ್ದು ಊರಲ್ಲಿ ಯಾರಿಗೂ ಅಷ್ಟಾಗಿ ತಟ್ಟಲಿಲ್ಲ, ಅಪ್ಪ ಬದಲಾದದ್ದು ತಟ್ಟಿತು. ಬಂದವನೇ ಹಲಗಿಯನ್ನು ಹಳ್ಳಕ್ಕೆ ಎಸೆದು, ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟ. ಊರಲ್ಲಿ ನಮಗೆ ಕೂಲಿ ಬಂದ್ ಆಯಿತು. ಕಿರಾಣಿ ಬಂದ್ ಆಯಿತು. ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಧಾನ್ಯದ ಚೀಲ ಹೊತ್ತು ನನ್ನನ್ನು ಓದಿಸಿದ. ಈಗ ನಾನು ಬಸವಕಲ್ಯಾಣದಲ್ಲಿ ಹೈಸ್ಕೂಲ್ ಮಾಸ್ತರ, ಓಣಿಯವರು ‘ಸರ್’ ಎನ್ನುತ್ತಾರೆ, ಅಪ್ಪ ನಮ್ಮ ಜೊತೆಗೇ ಇದ್ದಾನೆ. ಇಷ್ಟೆಲ್ಲ ಆದ ಮೇಲೆ ಹಲಗಿ ಮತ್ತೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರೆ ಎದೆ ಹೊಡೆದುಕೊಳ್ಳುವುದಿಲ್ಲವೇ?

ತನಿಖೆ ಶುರು ಮಾಡಿದೆ. ಮೊದಲ ಆರೋಪಿ ನನ್ನ ಹೆಂಡತಿ. ಹಲಗಿ ಅವಳ ತಮ್ಮನದು. ಅವನು ತನ್ನ ಊರಲ್ಲಿ ಇವತ್ತಿಗೂ ಹಲಗಿ ಬಿಟ್ಟಿಲ್ಲ. ನಮ್ಮ ಮಗ ಗೌತಮ ರಜೆಯಲ್ಲಿ ಹೋದಾಗ ಸೋದರಮಾವನಿಂದ ಕಲಿತು, ಹಲಗಿಯನ್ನೂ ಕೇಳಿ ತಂದಿದ್ದಾನೆ. ಅಡಗಿಸಿಡುವ ಜಾಗ ಹುಡುಕಿಕೊಟ್ಟಿದ್ದು ಮಾತ್ರ ಇವಳು. ಮುದುಕ ತನ್ನ ಮಂಚದ ಕೆಳಗೆ ಯಾವತ್ತೂ ಬಗ್ಗಿ ನೋಡುವುದಿಲ್ಲ ಎನ್ನುವುದು ಅವಳ ಲೆಕ್ಕಾಚಾರ. (ಪೊಲೀಸ್ ಇಲಾಖೆ ಇಂಥವರನ್ನು ಕಳೆದುಕೊಂಡಿದೆ.)

ವಿಷಯ ಇಷ್ಟು. ಗೌತಮ ಓದುವುದು ಹುಮನಾಬಾದಿನ ಕಾಲೇಜಿನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಅಲ್ಲಿ ಗ್ಯಾದರಿಂಗ್, ಅಂದರೆ ಕಾಲೇಜಿನ ವಾರ್ಷಿಕೋತ್ಸವ, ಹತ್ತಿರ ಬಂದಿತ್ತು. ಇವನ ಗೆಳೆಯ ರಫೀಕ್ ಬೇಂಜೋ ಬಾರಿಸುತ್ತಾನೆ, ಕರೆಂಟಿಗೆ ಹಚ್ಚಿದರೆ ಇಡೀ ಓಣಿ ಎದ್ದು ಕೂಡುವಂಥ ಬೇಂಜೋ. ಅದಕ್ಕೆ ಇವನ ಹಲಗಿ ಕೂಡಿಸಿ, ಮುಂದೆ ನಾಲ್ಕಾರು ಹುಡುಗರನ್ನು ಮಿರಿಮಿರಿ ಶರ್ಟಿನಲ್ಲಿ ಕುಣಿಸುವುದು. ಹೈವೇ ಮೇಲಿನ ಪಂಕ್ಚರ್ ಅಂಗಡಿಯ ಹಿಂದೆ ಪ್ರಾಕ್ಟೀಸ್ ಕೂಡ ನಡೆದಿತ್ತಂತೆ. ಐಟಮ್ಮಿನ ಹೆಸರು ‘ಡಿಸ್ಕೋ ಹಲಗಿ’.

ಎಲ್ಲ ಬಿಟ್ಟು ಇದೇ ಬೇಕಾಗಿತ್ತೇ ಎಂದು ರೇಗಿದೆ. ನಿನ್ನ ಮುತ್ಯಾನ, ಅಂದರೆ ನಮ್ಮಪ್ಪನ, ಜೀವ ತೆಗೆಯುತ್ತೀಯಾ ಎಂದೆ. ನಾಳೆ ಜನ ಏನನ್ನುತ್ತಾರೆ, ಮಾಸ್ತರನ ಮಗ ಕಡೆಗೂ ತನ್ನ ಜಾಗಕ್ಕೇ ಬಂದ ಅನ್ನುವುದಿಲ್ಲವೇ ಎಂದೂ ಕೇಳಿದೆ. ಹುಡುಗ ದನಿ ಏರಿಸಲಿಲ್ಲ.

“ರಫೀಕ್ ಬೇಂಜೋ ಬಾರ್ಸಿದ್ರ ಕಲಾವಿದ ಅಂತಾರ. ನಾ ಹಲಗಿ ಬಾರ್ಸಿದ್ರ ಜಾತಿ ಅಂತಾರ. ಇದು ಹ್ಯಾಂಗಪ್ಪಾ?”

ಉತ್ತರ ಹೊಳೆಯದಿದ್ದಾಗ ಮಾಸ್ತರರೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಪರೀಕ್ಷೆ ಹತ್ತಿರ ಬಂತು, ಹೋಗಿ ಓದಿಕೋ ಅಂದೆ.

ಗ್ಯಾದರಿಂಗಿನ ಕಾರ್ಡು ಬಂದ ದಿನ ಇನ್ನೊಂದು ಸಿಡಿಲು. ಮುಖ್ಯ ಅತಿಥಿ ಯಾರು? ನಮ್ಮೂರ ಪಾಟೀಲರು. ಕಾಲೇಜಿಗೆ ದೇಣಿಗೆ ಕೊಟ್ಟವರು, ಕರೆಯದೆ ಬಿಡುತ್ತಾರೆಯೇ? ಅಪ್ಪನಿಗೆ ಹೇಳುವುದೇ ಬೇಡ ಎಂದು ಗಂಡ ಹೆಂಡತಿ ನಿಶ್ಚಯಿಸಿದೆವು. ಆದರೆ ಮೊಮ್ಮಗನ ಡ್ಯಾನ್ಸ್ ಇದೆ ಎಂಬ ಸುದ್ದಿ ಹೇಗೋ ಮುದುಕನ ಕಿವಿಗೆ ಬಿದ್ದಿತ್ತು. ಹಲಗಿಯ ಸುದ್ದಿ ಬಿದ್ದಿರಲಿಲ್ಲ. ಗ್ಯಾದರಿಂಗಿನ ದಿನ ಮಧ್ಯಾಹ್ನ ನೋಡಿದರೆ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ.

ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಳ್ಳುವುದು ಎನ್ನುವುದೂ ಒಂದು ಸಮಸ್ಯೆ. ನಾವು ಬೌದ್ಧರು, ನಮಗೆ ಆ ಸವಲತ್ತಿಲ್ಲ. ಎಂದೂ ವೇಳೆಗೆ ಮುಟ್ಟದ ಬಸ್ಸು ಅವತ್ತು ವೇಳೆಗಿಂತ ಮುಂಚೆಯೇ ಹುಮನಾಬಾದಿಗೆ ತಂದು ಇಳಿಸಿತು.

ಸಂಜೆ ಪಾಟೀಲರು ಭಾಷಣ ಮಾಡಿದರು. ಕಲ್ಯಾಣದ ಈ ನೆಲ ಮೇಲು ಕೀಳು ಅಳಿಸಿದ ನೆಲ, ಎಲ್ಲರೂ ಒಂದೇ, ಇತ್ಯಾದಿ. ಚೆನ್ನಾಗಿಯೇ ಮಾತಾಡಿದರು. ನಾವು ಹಿಂದೆ ಕುಳಿತಿದ್ದೆವು. ಆಮೇಲೆ ಒಬ್ಬ ಹುಡುಗ ಮೈಕಿನಲ್ಲಿ ‘ಡಿಸ್ಕೋ ಹಲಗಿ’ ಎಂದು ಕೂಗಿದ. ಅಪ್ಪ ನನ್ನ ಕಡೆ ತಿರುಗಿದ. ನಾನು ಮೇಲೆ ತಿರುಗುವ ಫ್ಯಾನ್ ನೋಡಿದೆ.

ಮೊದಲು ಬೇಂಜೋ ಶುರುವಾಯಿತು. ಸೀಟಿ ಬಿದ್ದವು. ದೀಪಕ್ಕೆ ಕಟ್ಟಿದ ಕೆಂಪು ಹಸಿರು ಕಾಗದದ ಬೆಳಕಿನಲ್ಲಿ ಗೌತಮ ಹಲಗಿ ಹಾಕಿಕೊಂಡು ಬಂದ. ಬೇಂಜೋ ಓಡುವಾಗ ಹಲಗಿ ಅದನ್ನು ಅಡ್ಡಗಟ್ಟಿ ನಿಲ್ಲಿಸುವುದು, ಒಂದು ಕ್ಷಣ ಹಿಡಿದಿಟ್ಟು ಮತ್ತೆ ಬಿಡುವುದು. ಹುಡುಗರು ಕುಣಿದದ್ದಾದರೂ ಏನು! ಸೊಂಟದಿಂದ ಮೇಲೆ ಡಿಸ್ಕೋ, ಸೊಂಟದಿಂದ ಕೆಳಗೆ ನಮ್ಮ ಕೇರಿಯ ಹೆಜ್ಜೆ. ಸುಳ್ಳು ಯಾಕೆ ಹೇಳಲಿ, ಭಯದ ನಡುವೆಯೂ ನನ್ನ ಮೈ ಜುಮ್ಮೆಂದಿತು. ನನ್ನ ಮಗ ಇಷ್ಟು ಚೆಂದ ಬಾರಿಸುತ್ತಾನೆ ಎಂದು ನನಗೇ ಗೊತ್ತಿರಲಿಲ್ಲ, ಹೆಮ್ಮೆಯಾಯಿತು.

ಅಪ್ಪನನ್ನು ನೋಡಲು ಧೈರ್ಯ ಮಾಡಿದೆ. ಟವೆಲ್ ಬಾಯಿಗೆ ಒತ್ತಿಕೊಂಡಿದ್ದ. ಹೆಗಲು ಕುಲುಕುತ್ತಿದ್ದವು. ಅಳುತ್ತಿದ್ದಾನೆ, ಆಯಿತು ನಮ್ಮ ಕತೆ, ಎಂದುಕೊಂಡು ಹತ್ತಿರ ಬಗ್ಗಿದೆ. ಮುದುಕ ನಗುತ್ತಿದ್ದ.

“ಹುಚ್ಚ ಹುಡುಗ. ಹೆಣಾ ಎತ್ತೂ ಮುಂದಿನ ಬಡಿತ ಬಡಿಯಾಕತ್ತಾನ” ಅಂದ. “ಪಾಟೀಲನ್ನ ನೋಡು, ತೊಡಿ ಮ್ಯಾಲ ತಾಳಾ ಹಾಕಾಕತ್ತಾನ.”

ನೋಡಿದೆ. ಹೌದು. ಮುಂದಿನ ಸಾಲಿನಲ್ಲಿ ಪಾಟೀಲರು ಹೆಣದ ಬಡಿತಕ್ಕೆ ತೊಡೆ ತಟ್ಟುತ್ತಿದ್ದರು. (ಸೋದರಮಾವ ಕಲಿಸಿದ್ದರಲ್ಲಿ ಡಿಸ್ಕೋಗೆ ಬರೋಬರ್ ಹೊಂದಿದ್ದು ಅದೊಂದೇ ಎಂದು ಗೌತಮ ಆಮೇಲೆ ಹೇಳಿದ. ಅದು ಯಾತರ ಬಡಿತ ಎಂದು ಅವನು ಕೇಳಿರಲಿಲ್ಲ, ಮಾವ ಹೇಳಿರಲಿಲ್ಲ.) ಅಪ್ಪ ಸಿಟ್ಟಾಗಲಿಲ್ಲವಲ್ಲ ಎಂದು ಒಂದು ದೊಡ್ಡ ಉಸಿರು ಬಿಟ್ಟೆ. ಪೂರ್ತಿ ಬಿಡುವ ಮೊದಲೇ ಕಾರ್ಯಕ್ರಮ ಮುಗಿದು ಪಾಟೀಲರು ನಮ್ಮ ಕಡೆಯೇ ಬರುವುದು ಕಂಡಿತು.

ಗೌತಮ ಹಲಗಿ ಇಳಿಸಿ ನಮ್ಮ ಹತ್ತಿರ ನಿಂತಿದ್ದ. ಪಾಟೀಲರು ಬಂದವರೇ ಅವನ ಹೆಗಲ ಮೇಲೆ ಕೈ ಹಾಕಿದರು. ಇದನ್ನು ನಾನು ಬರೆಯಲೇಬೇಕು. ಅವರ ಅಪ್ಪನಾಗಿದ್ದರೆ ನಮ್ಮವನ ಹೆಗಲು ಮುಟ್ಟುತ್ತಿರಲಿಲ್ಲ. ಮುಂದಿನ ತಿಂಗಳು ತಮ್ಮ ಮಗಳ ಮದುವೆ ಊರಲ್ಲೇ ಇದೆ, ಮೆರವಣಿಗೆಯ ಮುಂದೆ ಇವನ ಪಾರ್ಟಿ ಬೇಕೇ ಬೇಕು, ಅದೂ ಇದನ್ನೇ ಬಾರಿಸಬೇಕು ಎಂದರು. ತಮ್ಮ ಮದುವೆಯಲ್ಲಿ ಇವನ ಮುತ್ಯಾ ಬಾರಿಸಿದ್ದನ್ನು ಪ್ರೀತಿಯಿಂದಲೇ ನೆನೆದರು.

ನಾನು ನೋಡೋಣ್ರಿ, ಪರೀಕ್ಷೆ ಇದೆ ಎಂದು ರಾಗ ಎಳೆಯುವಷ್ಟರಲ್ಲಿ ಗೌತಮ, “ಬರ್ತೀವ್ರಿ” ಎಂದುಬಿಟ್ಟ. ಚಪ್ಪಾಳೆಯ ಬಿಸಿ ಇನ್ನೂ ಆರದ ಹುಡುಗ, ಇನ್ನೇನು ಅಂದಾನು?

ಆಗ ಅಪ್ಪ ಮೆಲ್ಲಗೆ ಕೇಳಿದ. “ಊಟದ್ದು ಹ್ಯಾಂಗ್ರಿ ಪಾಟೀಲ್ರೆ?”

“ಅದರ ಚಿಂತಿ ನಿನಗ್ಯಾಕೋ ಸಿದ್ರಾಮ? ನಿಮ್ಮ ಮಂದಿಗಿ ಬ್ಯಾರೇನ ಛಲೋ ವ್ಯವಸ್ಥಾ ಮಾಡಸ್ತೀನಿ” ಎಂದರು ಪಾಟೀಲರು. ವಯಸ್ಸಿನಲ್ಲಿ ಅಪ್ಪನಿಗಿಂತ ಎಷ್ಟೋ ಚಿಕ್ಕವರು. ನಗುನಗುತ್ತಾ ಜೀಪು ಹತ್ತಿದರು.

ಬೇರೆ ವ್ಯವಸ್ಥೆ. ಮಗನ ಮುಖ ನೋಡಿದೆ, ಅವನಿಗೂ ಕೇಳಿಸಿತ್ತು.

ಮಾರನೆಯ ದಿನ ನನ್ನ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ಹಲಗಿಗೆ ಡಿಸ್ಕೋ ಕೂಡಿಸಬಹುದೇ? ಒಬ್ಬರು ಜನಪದ ಹಾಳಾಯಿತು ಎಂದು ಮರುಗಿದರು. ಇನ್ನೊಬ್ಬರು ಹಾಗೆ ಮಾಡಿದರೇ ಉಳಿಯುತ್ತದೆ ಎಂದು ವಾದಿಸಿದರು. ಚಹಾ ಎರಡು ಸಲ ಬಂತು. ಹಲಗಿ ಉಳಿಯಬೇಕೋ ಅಳಿಯಬೇಕೋ ಎಂದು ಇಷ್ಟು ತಲೆ ಕೆಡಿಸಿಕೊಂಡವರಲ್ಲಿ, ಅದನ್ನು ಬಾರಿಸಿದವನು ಎಲ್ಲಿ ಕುಳಿತು ಉಣ್ಣಬೇಕು ಎಂದು ಒಬ್ಬರಾದರೂ ಕೇಳಬಾರದೇ? ನಾನೂ ಕೇಳಲಿಲ್ಲ ಬಿಡಿ. ಕಪ್ಪು ತೊಳೆದಿಟ್ಟು ಕ್ಲಾಸಿಗೆ ಹೋದೆ.

ಮನೆಯಲ್ಲಿ ಗೌತಮ ಒದ್ದಾಡುತ್ತಿದ್ದ. ರಫೀಕ್ ಮತ್ತು ಹುಡುಗರು ಆಗಲೇ ಕುಣಿಯುತ್ತಿದ್ದಾರೆ, ಕಾಲೇಜಿನ ಹೊರಗೆ ಇದೇ ಮೊದಲ ಪ್ರೋಗ್ರಾಮು, ಇಲ್ಲಿ ಹೆಸರಾದರೆ ಮುಂದೆ ಬೀದರ, ಗುಲ್ಬರ್ಗ. ಆದರೆ ಆ ‘ಬ್ಯಾರೇನ’ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಬರುವುದಿಲ್ಲ ಎಂದು ಹೇಳಿ ಕಳಿಸುತ್ತೇನೆ ಎಂದ. ಶಾಣ್ಯಾ ಮಗ, ಪರೀಕ್ಷೆಗೆ ಓದಿಕೋ ಎಂದು ನಾನು ಖುಷಿಪಟ್ಟೆ. ಅಪ್ಪ ಮಂಚದ ಮೇಲೆ ಎದ್ದು ಕುಳಿತ.

“ಮಾತು ಕೊಟ್ಟೀದಿ, ಹೋಗು” ಅಂದ. “ಹಲಗಿ ಮ್ಯಾಲ ನಂಗ ಸಿಟ್ಟಿಲ್ಲ. ಅದು ಬಡಿದ ಮ್ಯಾಲ ಹಾಕೂ ಊಟದ ಮ್ಯಾಲ ಅದ. ನಾನೂ ಬರ್ತೀನಿ. ನೀ ಮುಂದ ಬಾರ್ಸು, ನಾ ಬೀಗರ ಬಾಜೂಕ ಪಂಗ್ತಿಯಾಗ ಕೂಡ್ತೀನಿ. ಎಬ್ಬಸ್ತಾರೇನು, ನೋಡೂಣು.”

ಅಪ್ಪನದು ಅಷ್ಟಕ್ಕೇ ಮುಗಿಯಲಿಲ್ಲ. ಆದರೆ ಹೆಣದ ಬಡಿತ ಬೇಡ, ಪಾಪ ಆ ಹುಡುಗಿ ಏನು ತಪ್ಪು ಮಾಡಿದ್ದಾಳೆ, ಎಂದು ಮೊಮ್ಮಗನಿಗೆ ಮದುವೆಯ ಬಡಿತ ಹೇಳಿಕೊಡಲು ಕುಳಿತ. ಹಲಗಿಯನ್ನು ಹೊರಗೆ ತರಿಸಿದ, ಎದುರಿಗೆ ಇಡಿಸಿದ. ಮುಟ್ಟಲಿಲ್ಲ. ತನ್ನ ಎರಡೂ ಕೈ ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ಪೂರ್ತಿ ಬಡಿತವನ್ನು ಬಾಯಿಂದಲೇ ಹೇಳಿದ. ಗೌತಮ ಕೇಳಿ ಕೇಳಿ ಬಾರಿಸಿದ. ತಪ್ಪಿದಲ್ಲೆಲ್ಲ ಮುದುಕನ ಭುಜ ಹಾರುತ್ತಿತ್ತು, ಕೈ ಮಾತ್ರ ಹೊರಗೆ ಬರಲಿಲ್ಲ. ಬಾಗಿಲ ಮರೆಯಲ್ಲಿ ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಅಳು ಬಂತು.

ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಪಂಕ್ತಿಯಿಂದ ಅಪ್ಪನನ್ನು ಯಾರಾದರೂ ತೋಳು ಹಿಡಿದು ಎಬ್ಬಿಸಿದರೆ? ಆ ಹೊತ್ತಿಗೆ ಮಗನ ಕೈಯಲ್ಲಿ ಹಲಗಿಯ ಕಡ್ಡಿ ಇರುತ್ತದೆ, ಮೈಯಲ್ಲಿ ಬಿಸಿರಕ್ತ ಇರುತ್ತದೆ. ರಫೀಕ್ ಬೇರೆ ಜೊತೆಗಿರುತ್ತಾನೆ, ಪರರ ಮಗ, ಅವನಿಗೇನಾದರೂ ಆದರೆ ಅವರ ಮನೆಯವರಿಗೆ ಏನು ಹೇಳಲಿ? ಮದುವೆಯ ಮನೆ ರಣರಂಗವಾದರೆ ಆ ಹುಡುಗಿಯ ಗತಿ? ಮನೆಯಲ್ಲೇ ಉಂಡು ಹೋಗೋಣ ಎಂದು ಅಪ್ಪನಿಗೆ ಹೇಳಿ ನೋಡಿದೆ. ಹೊಟ್ಟೆ ಸರಿ ಇಲ್ಲ ಎಂದು ಸುಳ್ಳು ಹೇಳು ಎಂದೂ ಬೇಡಿಕೊಂಡೆ. ಹೊಟ್ಟೆ ಬರೋಬರ್ ಅದ, ಅಂದ. ಧೋತರ ಇಸ್ತ್ರಿಗೆ ಹೋಗಿದೆ.

ಮದುವೆ ಬರುವ ವಾರ. ಪಾಟೀಲರ ಮನೆಗೆ ಈ ಪತ್ರಿಕೆ ಹೋಗುತ್ತದೆ, ನನಗೆ ಗೊತ್ತು. ಎದುರಿಗೆ ನಿಂತು ಕೇಳುವ ಧೈರ್ಯ ನನಗಿಲ್ಲ, ಇಲ್ಲಿಯೇ ಕೇಳಿಬಿಡುತ್ತೇನೆ.

ಪಾಟೀಲರೇ, ನಮ್ಮಪ್ಪನ ಪತ್ರಾವಳಿ ಎಲ್ಲಿ ಹಾಕಿಸುತ್ತೀರಿ?